ಖಜಾನೆ ಕನೆಕ್ಟ್ ಆಗುತ್ತಿಲ್ಲ

ಕನ್ನಡಕದ ಅಂಗಡಿಯವರನ್ನು ಸುತ್ತಲಿನವರೆಲ್ಲ ಖಜಾನೆ ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಅವರು ತಮ್ಮ ಬಾಯಿಂದಲೇ ಸಂಪಾದಿಸಿಕೊಂಡಿದ್ದರು. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟೊಂದನ್ನು ಹೇರಿ, ಒಂದೊಂದೇ ಗಾಜು ಬದಲಿಸುತ್ತ "ಈಗ ಹೇಗಿದೆ, ಈಗ ಹೇಗಿದೆ" ಎಂದು ಕೇಳುವ ನಡುನಡುವೆ ಅವರು ಬ್ಯಾಂಕುಗಳನ್ನು ಬಯ್ಯುತ್ತಿದ್ದರು. ಗಿರಾಕಿ ಎದ್ದು ಹೋಗುವಂತಿರಲಿಲ್ಲ. ಒಂದು ಕಣ್ಣು ಮುಚ್ಚಿಸಿಕೊಂಡು ಕೂತವನು ಹೋಗುವುದಾದರೂ ಎಲ್ಲಿಗೆ?

"ದುಡ್ಡು ನಮ್ಮದು, ಬೀಗ ಅವರದು. ಇದ್ಯಾವ ನ್ಯಾಯ ಹೇಳಿ? ನನ್ನ ದುಡ್ಡಿಗೆ ನಾನೇ ಬ್ಯಾಂಕು. ಕೆಳಗಿನ ಸಾಲು ಓದಿ."

ಗಿರಾಕಿ ಕೆಳಗಿನ ಸಾಲು ತಡವರಿಸುತ್ತಿದ್ದಂತೆ ಅವರು ಅಂಗಿಯ ಜೇಬಿನಿಂದ ಬೆರಳುದ್ದದ ಒಂದು ಸಾಧನವನ್ನು ತೆಗೆದು ತೋರಿಸುತ್ತಿದ್ದರು. ನೋಡಲು ಪೆನ್‌ಡ್ರೈವಿನ ಅಣ್ಣನಂತಿತ್ತು. ಮೈಮೇಲೆ ಉಗುರಿನಷ್ಟು ಪರದೆ, ಪಕ್ಕದಲ್ಲಿ ಎರಡು ಗುಂಡಿ.

"ಇದು ಹಾರ್ಡ್‌ವೇರ್ ವ್ಯಾಲೆಟ್. ಕ್ರಿಪ್ಟೋ ನಾಣ್ಯ ಇದರೊಳಗೆ ಇರಲ್ಲ, ಅದರ ಬೀಗದಕೈ ಇರುತ್ತೆ. ಇದನ್ನ ಕಂಪ್ಯೂಟರಿಗೆ ಸಿಕ್ಕಿಸಿ, ವೆಬ್‌ಸೈಟಿನಲ್ಲಿ ವ್ಯಾಲೆಟ್ ತೆಗೆದ್ರೆ ಆಗ ನನ್ನ ಖಜಾನೆ ಕಾಣುತ್ತೆ. ನಾನು ಈ ಗುಂಡಿ ಒತ್ತೋವರೆಗೆ ಬ್ರಹ್ಮ ಬಂದ್ರೂ ಅದರಿಂದ ಚಿಕ್ಕಾಸು ಅಲ್ಲಾಡಲ್ಲ."

ಒಳಗೆ ಎಷ್ಟಿದೆ ಎಂದು ಕೇಳಿದವರಿಗೆ ಅವರು ಉತ್ತರ ಹೇಳುತ್ತಿರಲಿಲ್ಲ. ಮುಗುಳ್ನಕ್ಕು ಗಾಜು ಒರೆಸುತ್ತಿದ್ದರು. ಆ ಮುಗುಳ್ನಗೆಯನ್ನು ಜನ ತಮಗೆ ತೋಚಿದಷ್ಟರಿಂದ ಗುಣಿಸಿಕೊಂಡರು. ನಾಣ್ಯದ ಬೆಲೆ ಏರಿದ ಸುದ್ದಿ ಬಂದಾಗಲೆಲ್ಲ ಅಂಗಡಿಯ ಮುಂದೆ ಹಾದುಹೋಗುವವರು ಒಳಗೆ ಇಣುಕಿ ನಮಸ್ಕಾರ ಹೇಳುತ್ತಿದ್ದರು. ನೆಂಟರ ಮನೆಗೆ ಹೋದರೆ ಅವರಿಗೆ ಫ್ಯಾನಿನ ಕೆಳಗಿನ ಕುರ್ಚಿ, ಆಕೆಗೆ ಮೊದಲ ಲೋಟ ಚಹಾ.

ಆಕೆ ಎಂದರೆ ಅವರ ಹೆಂಡತಿ. ಸ್ಟೇಷನರಿ ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಎಲ್ಲರೂ ಹೊಲಿಗೆ ಮೇಡಂ ಎನ್ನುತ್ತಿದ್ದರು.

ನಿಜ ಸಂಗತಿ ಬೇರೆಯೇ ಇತ್ತು. ಬಹಳ ವರ್ಷಗಳ ಕೆಳಗೆ, ಲೆನ್ಸ್ ಮಾರಲು ಬರುತ್ತಿದ್ದ ಏಜೆಂಟನ ಮಾತು ಕೇಳಿ, ಖಜಾನೆಯವರು ಒಂದಿಷ್ಟು ನಾಣ್ಯ ಕೊಂಡದ್ದು ಹೌದು. ಒಂದು ಮಧ್ಯಾಹ್ನ ಬೆಲೆ ಬಾವಿಗೆ ಬಿದ್ದ ಕೊಡದಂತೆ ದಡದಡನೆ ಇಳಿಯಿತು. ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರುವ ಸಂದಿನಲ್ಲಿ, ಅವಸರ ಅವಸರವಾಗಿ ಸಾಧನ ಸಿಕ್ಕಿಸಿ, ಹೆಚ್ಚುಕಮ್ಮಿ ಎಲ್ಲವನ್ನೂ ಮಾರಿಬಿಟ್ಟರು. ಆ ದಿನ ಮಾತ್ರ ಅದು ಮೊದಲ ಸಲಕ್ಕೇ ಕನೆಕ್ಟ್ ಆಗಿತ್ತು. ಬಂದ ದುಡ್ಡಿನಲ್ಲಿ ಅಂಗಡಿಗೆ ಏಸಿ ಹಾಕಿಸಿದರು. ವ್ಯಾಪಾರ ಚೆನ್ನಾಗಾಯಿತು ಅಂತ ಮನೆಯಲ್ಲಿ ಹೇಳಿದರು. ಆಮೇಲೆ ಆ ಏಸಿಯ ತಂಪಿನಲ್ಲೇ ಕೂತು, ನಾಣ್ಯದ ಬೆಲೆ ಮತ್ತೆ ಏರುವುದನ್ನು, ಏರಿ ಹತ್ತುಪಟ್ಟಾಗುವುದನ್ನು, ಅಲ್ಲಿಗೂ ನಿಲ್ಲದೆ ಹೋಗುವುದನ್ನು ನೋಡಿದರು. ವ್ಯಾಲೆಟಿನಲ್ಲಿ ಉಳಿದದ್ದು ಪಾತ್ರೆಯ ತಳಕ್ಕೆ ಅಂಟಿದ ಸೀಕಲಿನಷ್ಟು.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಅನ್ನಿಸಿತ್ತು. ಆದರೆ ಮರ್ಯಾದೆಯ ರುಚಿ ನಾಲಿಗೆಗೆ ಹತ್ತಿದ ಮೇಲೆ ಉಗುಳುವುದು ಕಷ್ಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಹಾಗೆ ಆ ಸಾಧನ ಅವರ ಜೇಬಿನಲ್ಲಿ ಉಳಿಯಿತು.

ಹೀಗಿರುವಾಗ ಒಂದು ಸಂಜೆ ಊಟದ ಮೇಜಿನ ಮುಂದೆ ಹೊಲಿಗೆ ಮೇಡಂ ತಟ್ಟೆ ಪಕ್ಕಕ್ಕೆ ಸರಿಸಿ, "ರೀ, ಒಂದು ಮಾತು" ಎಂದರು.

"ಏನು?"

"ಕ್ಲಾಸಿನ ಕೋಣೆ ಮಾರ್ತಾರಂತೆ. ಯಜಮಾನ್ರು ಮಗಳ ಜೊತೆ ಹೋಗಿ ಇರ್ತಾರಂತೆ. ಹೊರಗಿನವರಿಗೆ ಹೇಳೋ ಮುಂಚೆ ನನ್ನ ಕೇಳಿದ್ರು. ಬೇರೆ ಯಾರಾದ್ರೂ ತಗೊಂಡ್ರೆ ನಾನು ಮಿಷಿನ್‌ಗಳನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?" ಮತ್ತೆ ಹೇಳಿದರು, "ಇಷ್ಟು ವರ್ಷ ನಾನು ನಿಮ್ಮನ್ನ ಏನೂ ಕೇಳಿಲ್ಲ."

ಅದು ಸುಳ್ಳಲ್ಲ. ಅದಕ್ಕೇ ಖಜಾನೆಯವರು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು.

"ಅರ್ಧ ನನ್ನ ಹತ್ರ ಇದೆ. ಇನ್ನರ್ಧ ನಿಮ್ಮ ಖಜಾನೆಯಿಂದ ಒಂದು ಚೂರು ತೆಗೆದ್ರೆ ಆಗಿಹೋಗುತ್ತೆ."

"ಅಯ್ಯೋ, ಅದಕ್ಕೇನಂತೆ" ಎಂಬ ಮಾತು ಅವರ ಅಪ್ಪಣೆ ಕೇಳದೆಯೇ ಬಾಯಿಂದ ಹೊರಬಂತು. ಅದರ ಬೆನ್ನಿಗೇ ಇನ್ನೊಂದು ಮಾತೂ ಬಂತು. "ಆದ್ರೆ ಒಂದು ತೊಂದರೆ ಇದೆ ಕಣೇ."

"ಏನು?"

"ಕನೆಕ್ಟ್ ಆಗ್ತಿಲ್ಲ."

ಹೊಲಿಗೆ ಮೇಡಂ ಮಗುವಿಗೆ ಜ್ವರ ಬಂದಿದೆ ಎಂದು ಕೇಳಿದವರಂತೆ ಮುಂದಕ್ಕೆ ಬಾಗಿದರು. "ಯಾವಾಗಿನಿಂದ?"

"ಸ್ವಲ್ಪ ದಿನ ಆಯ್ತು. ವೆಬ್‌ಸೈಟಿಗೆ ಇದು ಕಾಣ್ತಾನೇ ಇಲ್ಲ. ಸಾಧನ ಸಿಗಲಿಲ್ಲ, ಸಿಗಲಿಲ್ಲ ಅಂತ ತೋರಿಸುತ್ತೆ."

"ಇದನ್ನ ಮನಸ್ಸಲ್ಲಿಟ್ಕೊಂಡು ಒಬ್ಬರೇ ಕೊರಗ್ತಿದ್ರಾ? ನನಗೆ ಹೇಳಬಾರದಿತ್ತಾ?" ಎಂದು ಆಕೆ ಗಂಡನ ಕೈ ಹಿಡಿದುಕೊಂಡರು. ಮಾತು ಅಲ್ಲಿಗೆ ನಿಲ್ಲುತ್ತದೆ ಎಂದು ಖಜಾನೆಯವರು ನೆನೆಸಿದ್ದರು. ಮೇಡಂ ಎದ್ದುಹೋಗಿ ತಮ್ಮನಿಗೆ ಫೋನು ಮಾಡಿದರು.

ಈ ತಮ್ಮ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ. ಅದಕ್ಕೆ ಮಾಲೀಕನೂ ಅವನೇ, ಮೇಷ್ಟ್ರೂ ಅವನೇ, ಪ್ರಿನ್ಸಿಪಾಲನೂ ಅವನೇ. ಗೋಡೆಗೆ ತೂಗುಹಾಕಿದ್ದ ಪ್ರಿನ್ಸಿಪಾಲನ ಅರ್ಹತಾ ಪತ್ರಕ್ಕೆ ಸಹಿ ಹಾಕಿದವನೂ ಅವನೇ. ಮನೆಯವರೆಲ್ಲ ಅವನನ್ನು ಪ್ರಿನ್ಸಿಪಾಲ ಎಂದೇ ಕರೆಯುತ್ತಿದ್ದರು. ಭಾವನ ಖಜಾನೆಗೆ ಕಂಟಕ ಬಂದಿದೆ ಎಂದು ಕೇಳಿದ್ದೇ ತಡ, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದ.

"ಭಾವ, ನೀವು ಚಿಂತೆ ಬಿಡಿ. ಇಂಥದ್ದನ್ನ ನಾನು ಕಣ್ಣು ಮುಚ್ಚಿ ಮಾಡ್ತೀನಿ."

ಅವನು ಕಣ್ಣು ಮುಚ್ಚಿಕೊಂಡೇ ಮಾಡುತ್ತಾನೆ ಎಂಬ ನಂಬಿಕೆ ಖಜಾನೆಯವರಿಗೂ ಇತ್ತು. ಆದರೂ ಎಚ್ಚರಿಕೆಗಿರಲಿ ಎಂದು, ಸಾಧನದ ಜೊತೆ ಬಂದ ಕೇಬಲ್ಲನ್ನು ಬಚ್ಚಿಟ್ಟು, ತಮ್ಮ ಗಡ್ಡದ ಟ್ರಿಮ್ಮರಿನ ಕೇಬಲ್ಲನ್ನು ಕೊಟ್ಟರು. ಅದು ಕರೆಂಟನ್ನು ಮಾತ್ರ ಒಯ್ಯುವ ಕೇಬಲ್ಲು, ಮಾಹಿತಿಯನ್ನು ಒಯ್ಯುವುದಿಲ್ಲ. ಸಾಧನದ ಪರದೆ ಬೆಳಗಿತು. ಲ್ಯಾಪ್‌ಟಾಪಿಗೆ ಮಾತ್ರ ಅದರ ಸುಳಿವೇ ಹತ್ತಲಿಲ್ಲ. ಪ್ರಿನ್ಸಿಪಾಲ ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದ, ಮತ್ತೆ ಆರಿಸಿ ಹಚ್ಚಿದ, ಎಡಗಡೆಯ ತೂತಿನಿಂದ ಕಿತ್ತು ಬಲಗಡೆಯ ತೂತಿಗೆ ಹಾಕಿದ, ಇಂಟರ್‌ನೆಟ್ಟನ್ನು ಬಯ್ದ, ಸರ್ಕಾರವನ್ನು ಬಯ್ದ. ಊಟ ಮಾಡಿ ಹೋದ.

ಸುದ್ದಿ ಬಂಧುಬಳಗದಲ್ಲೆಲ್ಲ ಹಬ್ಬಿತು. ಮೇಡಂ ಅವರ ದೊಡ್ಡಕ್ಕ ಫೋನು ಮಾಡಿ, ಹತ್ತಿರದವರು ಸತ್ತರೆ ಮಾತಾಡುವ ದನಿಯಲ್ಲಿ ವಿಚಾರಿಸಿದರು. ದೊಡ್ಡಕ್ಕನ ಗಂಡ, ಬಾಯಿಂದ ಜೋರಾಗಿ ಊದಬೇಕು, ಧೂಳು ಸೇರಿರುತ್ತೆ ಎಂದರು. ಪಕ್ಕದ ಮನೆಯವರು ಅಕ್ಕಿ ಡಬ್ಬದಲ್ಲಿ ಒಂದು ದಿನ ಹೂತಿಡಲು ಹೇಳಿದರು. ಮೇಡಂ ಊದಿದರು, ಹೂತೂ ಇಟ್ಟರು. ಯಾವ ಸಲಹೆಯೂ ಆಕೆಗೆ ಕ್ಷುಲ್ಲಕವಾಗಿ ಕಾಣಲಿಲ್ಲ.

ಮುಂದಿನ ರಜಾದಿನ ಹೊಸ ಕೇಬಲ್ಲಿನೊಂದಿಗೆ ಬರುತ್ತೇನೆಂದು ಪ್ರಿನ್ಸಿಪಾಲ ಹೇಳಿಕಳಿಸಿದ. ಖಜಾನೆಯವರಿಗೆ ಓದುವುದು ಅನಿವಾರ್ಯವಾಯಿತು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವರು ವ್ಯಾಲೆಟ್ ಕಂಪನಿಯ ಸಹಾಯದ ಪುಟಗಳನ್ನು ಒಂದೂ ಬಿಡದೆ ಓದಿದರು. ಏನು ಮಾಡಿದರೆ ಕನೆಕ್ಟ್ ಆಗುತ್ತದೆ ಎಂದು ಲೋಕವೆಲ್ಲ ಓದುವ ಆ ಪುಟಗಳನ್ನು ಅವರು ಏನು ಮಾಡಿದರೆ ಆಗುವುದಿಲ್ಲ ಎಂದು ತಿಳಿಯಲು ಓದಿದರು. ಎಲ್ಲ ಬ್ರೌಸರುಗಳೂ ಸಾಧನದ ಜೊತೆ ಮಾತಾಡುವುದಿಲ್ಲ ಎಂದು ಗೊತ್ತಾಯಿತು. ಮಾತಾಡದಿರುವ ಒಂದು ಬ್ರೌಸರನ್ನು ತೋರಿಸಿ, ಇದೇ ಸುರಕ್ಷಿತ ಎಂದು ಪ್ರಿನ್ಸಿಪಾಲನಿಗೆ ಹೇಳಿದರು. ಅವನು ಒಪ್ಪಿದ. ಸಾಧನದೊಳಗೆ ಒಂದೊಂದು ನಾಣ್ಯಕ್ಕೂ ಒಂದೊಂದು ಆ್ಯಪ್ ಇರುತ್ತದೆ, ಬೇಕಾದದ್ದನ್ನೇ ತೆರೆದಿಟ್ಟರೆ ಮಾತ್ರ ವೆಬ್‌ಸೈಟಿಗೆ ಕಾಣುತ್ತದೆ ಎಂದು ಗೊತ್ತಾಯಿತು. ಬೇಡದ್ದನ್ನು ತೆರೆದಿಟ್ಟು ಕೂತರು. ಒಂದು ಸಮಯಕ್ಕೆ ಒಂದೇ ಪ್ರೋಗ್ರಾಮು ಸಾಧನವನ್ನು ಹಿಡಿದುಕೊಳ್ಳಬಹುದು ಎಂದೂ ಗೊತ್ತಾಯಿತು. ಪ್ರಿನ್ಸಿಪಾಲ ಕೈತೊಳೆಯಲು ಎದ್ದುಹೋದ ಗಳಿಗೆಯಲ್ಲಿ ಕಂಪನಿಯ ಇನ್ನೊಂದು ಪ್ರೋಗ್ರಾಮನ್ನು ತೆರೆದು ಬ್ರೌಸರಿನ ಹಿಂದೆ ಅಡಗಿಸಿದರು. ವೆಬ್‌ಸೈಟು ಬಾಗಿಲು ಬಡಿಯುತ್ತಲೇ ಇತ್ತು, ಒಳಗೆ ಆಗಲೇ ಬೇರೊಬ್ಬ ಅಗುಳಿ ಹಾಕಿಕೊಂಡು ಕೂತಿದ್ದ.

ಇದರಲ್ಲಿ ಅವರಿಗೆ ಒಂದು ಬಗೆಯ ಸುಖವೂ ಹುಟ್ಟಿತು. ಇಷ್ಟು ಶ್ರದ್ಧೆಯಿಂದ ಅವರು ಕಣ್ಣಿನ ಶಾಸ್ತ್ರವನ್ನೂ ಓದಿರಲಿಲ್ಲ. ಆದರೆ ಹೆಂಡತಿ ಪ್ರತಿ ಸಲವೂ ಕುರ್ಚಿಯ ಹಿಂದೆ ಉಸಿರು ಬಿಗಿಹಿಡಿದು ನಿಂತು, ಕೊನೆಗೆ "ಹೋಗ್ಲಿ ಬಿಡಿ, ಇವತ್ತಲ್ಲ ನಾಳೆ ಆಗುತ್ತೆ" ಎಂದು ಬೆನ್ನು ಸವರುವಾಗ, ಆ ಕೈ ಬೆನ್ನಿಗೆ ಬರೆ ಹಾಕಿದ ಹಾಗಿರುತ್ತಿತ್ತು.

ಕುರುಡ ಎಸೆದ ಕಲ್ಲೂ ಒಮ್ಮೊಮ್ಮೆ ಮಾವಿಗೆ ತಾಗುತ್ತದೆ. ಒಂದು ಬೆಳಿಗ್ಗೆ ಪ್ರಿನ್ಸಿಪಾಲ, ಯಾಕೆ ಎಂದು ತನಗೂ ಗೊತ್ತಿಲ್ಲದೆ, ಲ್ಯಾಪ್‌ಟಾಪಿನಲ್ಲಿದ್ದ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿ, ಬೇರೆ ಬ್ರೌಸರು ತೆರೆದ. ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಹೋದವನಿಗೆ ಸರಿಯಾದ ಆ್ಯಪ್ಪೇ ಸಿಕ್ಕಿತು. ವೆಬ್‌ಸೈಟಿನ ಮೇಲೆ ಹಸಿರು ಚುಕ್ಕಿ ಮೂಡಿ, ಸಾಧನ ಸಿಕ್ಕಿತು, ಖಾತೆ ತೆರೆಯಲಾಗುತ್ತಿದೆ ಎಂದು ಬಂತು.

"ಅಕ್ಕಾ, ಬಾ ಇಲ್ಲಿ" ಎಂದು ಅವನು ಕೂಗಿದ.

ಹೊಲಿಗೆ ಮೇಡಂ ಓಡಿಬರುವಷ್ಟರಲ್ಲಿ ಖಜಾನೆಯವರ ಕೈಯಲ್ಲಿದ್ದ ಚಹಾದ ಲೋಟ ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೆ ಬೋರಲಾಗಿತ್ತು. ಚುಕ್ಕಿ ಆರಿತು, ಪರದೆ ಆರಿತು, ಒಳಗಿನಿಂದ ಸಣ್ಣಗೆ ಹೊಗೆಯೂ ಬಂದಂತಾಯಿತು.

"ಖುಷಿಗೆ ಕೈ ನಡುಗಿಹೋಯ್ತು ಕಣಪ್ಪ" ಎಂದರು ಅವರು.

"ಅರ್ಥ ಆಗುತ್ತೆ ಭಾವ" ಎಂದ ಪ್ರಿನ್ಸಿಪಾಲ, ತನ್ನ ಲ್ಯಾಪ್‌ಟಾಪನ್ನು ಬಟ್ಟೆ ಒಣಹಾಕುವ ತಂತಿಯ ಮೇಲೆ ಮಗುಚಿ ಹಾಕುತ್ತ. ಅವನ ಕಣ್ಣಲ್ಲಿ ನೀರಿತ್ತು. ರಿಪೇರಿ ಖರ್ಚು ನನ್ನದು ಎಂದು ಖಜಾನೆಯವರು ಹೇಳಿದ್ದನ್ನು ಅವನು ದೊಡ್ಡ ಮನುಷ್ಯರ ದೊಡ್ಡ ಗುಣ ಎಂದು ಎಲ್ಲರಿಗೂ ಹೇಳಿಕೊಂಡು ಬಂದ.

ಆಮೇಲೆ ಪ್ರಿನ್ಸಿಪಾಲ ಇಂಟರ್‌ನೆಟ್ಟಿನ ಚರ್ಚೆಯ ಜಾಗವೊಂದರಲ್ಲಿ ಸಹಾಯ ಬೇಡಿ ಬರೆದ. ನಮ್ಮ ಭಾವನವರ ಅಪಾರ ಸಂಪತ್ತು ಒಳಗೆ ಸಿಕ್ಕಿಕೊಂಡಿದೆ, ಬಲ್ಲವರು ದಯವಿಟ್ಟು ನೆರವಾಗಿ ಎಂದು ಬರೆದು, ಕೆಳಗೆ ಖಜಾನೆಯವರ ಫೋನು ನಂಬರನ್ನೂ ಹಾಕಿದ. ಬಲ್ಲವರೊಬ್ಬರು ಮರುದಿನವೇ, ಎಲ್ಲರೂ ಮನೆಯಲ್ಲಿದ್ದಾಗ, ಫೋನು ಮಾಡಿದರು.

ದನಿ ಬೆಣ್ಣೆಯಂತಿತ್ತು. "ನಮಸ್ಕಾರ ಸಾರ್, ವ್ಯಾಲೆಟ್ ಕಂಪನಿಯ ಸಪೋರ್ಟ್ ವಿಭಾಗದಿಂದ ಮಾತಾಡ್ತಿದ್ದೀನಿ. ನಿಮ್ಮ ತೊಂದರೆ ನಮ್ಮ ಗಮನಕ್ಕೆ ಬಂದಿದೆ. ಸಾಧನ ಕೊಂಡಾಗ ಇಪ್ಪತ್ನಾಲ್ಕು ಪದ ಬರೆದಿಟ್ಕೊಳ್ಳೋಕೆ ಹೇಳಿತ್ತಲ್ಲ, ಅವನ್ನ ಒಂದೊಂದಾಗಿ ಓದಿ ಹೇಳಿದ್ರೆ ಇಲ್ಲಿಂದಲೇ ಸರಿ ಮಾಡಿಕೊಡ್ತೀವಿ."

ಆ ಪದಗಳು ಯಾರ ಕೈಯಲ್ಲಿರುತ್ತವೆಯೋ ನಾಣ್ಯವೂ ಅವರದ್ದೇ. ಸಾಧನವೂ ಬೇಕಿಲ್ಲ, ಗುಂಡಿಯೂ ಬೇಕಿಲ್ಲ. ಅವನ್ನು ಕೇಳುವವನು ಕಳ್ಳನಲ್ಲದೆ ಬೇರೆ ಯಾರೂ ಅಲ್ಲ ಎಂದು ಖಜಾನೆಯವರಿಗೆ ಈಗ ಚೆನ್ನಾಗಿ ಗೊತ್ತಿತ್ತು. ಕೇಳಿದೊಡನೆ ಅವರ ಎದೆಯೊಳಗೆ ದೀಪ ಹಚ್ಚಿದಂತಾಯಿತು. ಕಳ್ಳತನ. ಇದು ಇಷ್ಟು ದಿನ ಹೊಳೆದಿರಲಿಲ್ಲವಲ್ಲ. ಇದ್ದದ್ದೆಲ್ಲ ಕಳುವಾಯಿತು ಎಂದರೆ ಮಾತೇ ಮುಗಿಯಿತು. ಹಾವೂ ಸಾಯುತ್ತದೆ, ಕೋಲೂ ಉಳಿಯುತ್ತದೆ. ಮೇಲಾಗಿ ಕಳೆದುಕೊಂಡವನಿಗೆ ಇದ್ದವನಿಗಿಂತ ಹೆಚ್ಚು ಮರ್ಯಾದೆ.

"ಬರ್ಕೊಳ್ಳಿ" ಎಂದರು ಖಜಾನೆಯವರು.

ಅಷ್ಟರಲ್ಲಿ ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದ ಪ್ರಿನ್ಸಿಪಾಲ ಫೋನು ಕಿತ್ತುಕೊಂಡ. ಅವನ ಕೇಂದ್ರದಲ್ಲಿ ಸೈಬರ್ ಎಚ್ಚರ ಎಂಬ ಒಂದು ಪಾಠವಿತ್ತು, ಅವನು ಓದಿದ್ದ ಏಕೈಕ ಪಾಠ ಅದು. "ಯಾರಪ್ಪ ನೀನು? ನಮ್ಮ ಭಾವ ಅಂದ್ರೆ ಏನು ಅಂದ್ಕೊಂಡಿದ್ದೀಯ? ಪೊಲೀಸಿಗೆ ಕೊಡ್ತೀನಿ ನಿನ್ನ" ಎಂದು ಗದರಿಸಿ ಫೋನು ಇಟ್ಟ. ಹೊಲಿಗೆ ಮೇಡಂ ತಮ್ಮನ ತಲೆ ನೇವರಿಸಿದರು. ಕೂದಲೆಳೆಯಲ್ಲಿ ಉಳಿದ ಖಜಾನೆಯ ಒಡೆಯರು ಕಳ್ಳನಿಗೆ ಚೇಳು ಕುಟುಕಿದ ಹಾಗೆ ಸುಮ್ಮನೆ ಕೂತರು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಲೋಕದಲ್ಲಿ ಎಲ್ಲಿಯೂ ನಡೆದಿರಲಾರದ ಒಂದು ಕೆಲಸ ನಡೆಯಿತು. ಕನ್ನಡಕದ ಅಂಗಡಿಯವರು ಕಳ್ಳನಿಗೆ ತಾವೇ ಫೋನು ಮಾಡಿ, ಮನೆಯವರ ಪರವಾಗಿ ಕ್ಷಮೆ ಕೇಳಿ, ಪದಗಳನ್ನು ಒಂದೊಂದಾಗಿ ಓದಿ ಹೇಳಿದರು. ಕಳ್ಳ ಒಂದೆರಡು ಪದಗಳ ಕಾಗುಣಿತ ಕೇಳಿಕೊಂಡ. ಅದನ್ನೂ ಬಿಡಿಸಿ ಹೇಳಿದರು.

ಸ್ವಲ್ಪ ಹೊತ್ತಿಗೆ ಫೋನು ತಿರುಗಿ ಬಂತು. ಗಾಜು ತೊಳೆಯುತ್ತಿದ್ದ ಅವರ ಕೈ ಒದ್ದೆಯಾಗಿತ್ತು. ಮೊಣಕೈಯಿಂದಲೇ ಫೋನಿನ ಸ್ಪೀಕರ್ ಒತ್ತಿದರು.

"ಸಾರ್, ಇದೇನು ಸಾರ್ ಇದು?" ದನಿಯಲ್ಲಿ ಬೆಣ್ಣೆ ಕರಗಿಹೋಗಿತ್ತು.

"ಯಾಕೆ, ಕನೆಕ್ಟ್ ಆಗ್ಲಿಲ್ವಾ?"

"ಕನೆಕ್ಟ್ ಆಯ್ತು. ಒಳಗೆ ಏನೂ ಇಲ್ವಲ್ಲ."

"ಸ್ವಲ್ಪ ಇದೆ, ಕೆಳಗೆ ನೋಡಿ."

"ಅದನ್ನೂ ನೋಡಿದೆ. ಅದನ್ನ ಅಲ್ಲಿಂದ ಸಾಗಿಸೋ ಫೀಸೇ ಅದಕ್ಕಿಂತ ಜಾಸ್ತಿ ಇದೆ. ಎತ್ತಬೇಕು ಅಂದ್ರೆ ನಾನು ಕೈಯಿಂದ ಹಾಕಬೇಕು."

"ಹಾಕಿ ಎತ್ತಿಬಿಡಿ. ದೊಡ್ಡ ಉಪಕಾರ ಆಗುತ್ತೆ."

ಕಳ್ಳ ಮೆಲ್ಲಗೆ, "ಏನಂದ್ರಿ?" ಎಂದ.

"ಕಳುವಾಯ್ತು ಅಂತ ಮನೇಲಿ ಹೇಳಬೇಕು. ಬೇಕಾದ್ರೆ ಆ ಫೀಸು ನಾನೇ ಕೊಡ್ತೀನಿ."

"ನಾನು ಇಷ್ಟು ವರ್ಷದ ಅನುಭವದಲ್ಲಿ ನಿಮ್ಮಂಥವರನ್ನ ನೋಡಿಲ್ಲ ಸಾರ್. ಅಪಾರ ಸಂಪತ್ತು ಅಂತ ಬರೆದಿದ್ರಲ್ಲ?"

"ಬರೆದಿದ್ದು ನನ್ನ ಭಾಮೈದ."

"ಮರ್ಯಾದಸ್ಥರು ಮಾಡೋ ಕೆಲಸಾನಾ ಇದು? ನಾನೂ ಸಂಸಾರಸ್ಥ. ಬೇರೆ ಕೆಲಸ ಎಲ್ಲ ಬಿಟ್ಟು ನಿಮ್ಮೊಬ್ಬರನ್ನೇ ನಂಬ್ಕೊಂಡು ಕೂತಿದ್ದೆ."

ಆ ಮಾತಿನಲ್ಲಿದ್ದ ನೋವು ಖಜಾನೆಯವರನ್ನು ತಟ್ಟಿತು. ಯಾರೂ ಕೇಳದಿದ್ದರೂ ಅವರು ಎಲ್ಲವನ್ನೂ ಹೇಳತೊಡಗಿದರು. ಬೆಲೆ ಬಿದ್ದ ಮಧ್ಯಾಹ್ನ, ಏಸಿ, ಹೆಂಡತಿಯ ಕೋಣೆ, ಟ್ರಿಮ್ಮರಿನ ಕೇಬಲ್ಲು, ಚಹಾ. ಹೇಳುತ್ತ ಹೇಳುತ್ತ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಕಳ್ಳ ಹ್ಞೂಂ ಹ್ಞೂಂ ಎನ್ನುತ್ತ ಕೇಳಿದ.

"ಹೆಂಡತಿಗೆ ಹೇಳಿಬಿಡಿ ಸಾರ್" ಎಂದ ಕೊನೆಗೆ. "ಇಂಥದ್ದನ್ನ ಒಳಗಿಟ್ಕೊಂಡ್ರೆ ಮೈಗೆ ಒಳ್ಳೇದಲ್ಲ. ಅಂದ ಹಾಗೆ, ನಿಮ್ಮ ಭಾಮೈದಂದು ಏನಾದ್ರೂ ವ್ಯಾಲೆಟ್ ಇದೆಯಾ?"

"ಅವನ ಲ್ಯಾಪ್‌ಟಾಪೇ ಹೋಗಿದೆ."

"ಸರಿ ಬಿಡಿ" ಎಂದು ಅವನು ನಿಟ್ಟುಸಿರಿನೊಂದಿಗೆ ಫೋನು ಇಟ್ಟ.

ಖಜಾನೆಯವರು ಕೈ ಒರೆಸಿಕೊಂಡು ತಿರುಗಿದರು. ಹೊಲಿಗೆ ಮೇಡಂ ಬಾಗಿಲ ಬಳಿ ನಿಂತಿದ್ದರು. ಓದುವ ಕನ್ನಡಕದ ಕಾಲು ಸಡಿಲವಾಗಿದೆ ಎಂದು ಬಿಗಿಸಿಕೊಳ್ಳಲು ಬಂದಿದ್ದರು. ಅದು ಅವರ ಕೈಯಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಾರೆ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಆಕೆ ಒಳಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತು ಏಸಿಯನ್ನೇ ನೋಡಿದರು. ಆಮೇಲೆ ಕೇಳಿದರು. "ದೊಡ್ಡಕ್ಕನಿಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ. ಈ ಕಳ್ಳನಿಗೆ ಬಿಟ್ರೆ."

"ಅವಳ ಮನೇಲಿ ಕೂತು ನಾನು ಏನೆಲ್ಲ ಮಾತಾಡಿದ್ದೀನಿ, ಗೊತ್ತಾ ನಿಮಗೆ? ಕಡಲ ತೀರದಲ್ಲಿ ಮನೆ ನೋಡ್ತಿದ್ದೀವಿ ಅಂದಿದ್ದೀನಿ. ನೀವಾದ್ರೂ ಬರೀ ನಕ್ಕಿದ್ರಿ. ನಾನು ಬಾಯಿಬಿಟ್ಟು ಹೇಳಿದ್ದೀನಲ್ಲ."

ಖಜಾನೆಯವರಿಗೆ ಕಡಲ ತೀರದ ಮನೆಯ ವಿಷಯ ಹೊಸದು.

"ಮಾರಿದ್ದಕ್ಕೆ ನನಗೆ ಸಿಟ್ಟಿಲ್ಲ" ಎಂದರು ಮೇಡಂ. "ಹೆದರಿಕೆ ಆಯ್ತು, ಮಾರಿದ್ರಿ. ನಾನಾಗಿದ್ರೂ ಮಾರ್ತಿದ್ದೆ. ಆದ್ರೆ ಅಕ್ಕಿ ಡಬ್ಬದಿಂದ ಅದನ್ನ ತೆಗೆದು, ಅಂಟಿದ ಒಂದೊಂದು ಕಾಳನ್ನೂ ಒರೆಸಿ ಕೊಟ್ಟೆನಲ್ಲ ನಾನು, ಆಗ ನೀವು ಪಕ್ಕದಲ್ಲೇ ನಿಂತು ನೋಡ್ತಿದ್ರಿ."

ಖಜಾನೆಯವರು ಆಕೆಯ ಕೈಯಿಂದ ಕನ್ನಡಕ ತೆಗೆದುಕೊಂಡು, ಗಾಜು ಒರೆಸಿ, ಸಣ್ಣ ಸ್ಕ್ರೂ ಬಿಗಿಸತೊಡಗಿದರು. ಕಣ್ಣು ಮಂಜಾಗಿ ಸ್ಕ್ರೂ ಒಂದು ಸಲ ನೆಲಕ್ಕೆ ಬಿತ್ತು. ಇಬ್ಬರೂ ಬಗ್ಗಿ ಹುಡುಕಿದರು. ಹುಡುಕುವಾಗ ಮೇಡಂ, "ಅವನ ಲ್ಯಾಪ್‌ಟಾಪ್ ಮೇಲೆ ಚಹಾ ಬೇಕಂತಲೇ ಚೆಲ್ಲಿದ್ದಾ?" ಎಂದರು.

"ಹ್ಞೂಂ."

"ಪಾಪ, ತಂತಿ ಮೇಲೆ ಒಣಗಿಸ್ತಿದ್ದ" ಎನ್ನುತ್ತಲೇ ಆಕೆಗೆ ಮೇಜಿನ ಕೆಳಗೇ ನಗು ಬಂದುಬಿಟ್ಟಿತು. ನಕ್ಕಾದ ಮೇಲೆ ಸ್ವಲ್ಪ ಅತ್ತರು. ಬಳಿಕ ಎದ್ದು ಸೆರಗು ಕೊಡವಿ, "ನಾಳೆ ಬ್ಯಾಂಕಿಗೆ ಹೋಗೋಣ. ನೀವು ಜೊತೆಗೆ ಬಂದು ಕೂತ್ಕೊಳ್ಳಿ, ಬಾಯಿ ಮಾತ್ರ ಬಿಡಬೇಡಿ" ಎಂದರು.

ಬ್ಯಾಂಕಿನ ಮ್ಯಾನೇಜರರ ಮೂಗಿನ ಮೇಲಿದ್ದದ್ದು ಖಜಾನೆಯವರೇ ಮಾಡಿಕೊಟ್ಟ ಕನ್ನಡಕ. ಅದನ್ನು ಮಾಡಿಸಿಕೊಳ್ಳುವಾಗ, ಒಂದು ಕಣ್ಣು ಮುಚ್ಚಿಕೊಂಡು, ಬ್ಯಾಂಕುಗಳೆಂದರೆ ಹಗಲುದರೋಡೆ ಎಂಬ ಭಾಷಣವನ್ನು ಅವರು ಪೂರ್ತಿಯಾಗಿ ಕೇಳಿದ್ದರು. ಈಗ ಎದುರಿಗೆ ಕೂತ ದಂಪತಿಯನ್ನು ಕಂಡು ಅವರ ಮುಖ ಅರಳಿತು.

ಅರ್ಜಿಯಲ್ಲಿ ಬೇರೆ ಆಸ್ತಿ, ಹೂಡಿಕೆ ಏನಿದೆ ಎಂದು ಕೇಳಿದ ಜಾಗದಲ್ಲಿ ಹೊಲಿಗೆ ಮೇಡಂ ಏನೂ ಇಲ್ಲ ಎಂದು ಬರೆದಿದ್ದರು. ಮ್ಯಾನೇಜರ್ ಅದರ ಮೇಲೆ ಬೆರಳಿಟ್ಟು, ಖಜಾನೆಯವರನ್ನು ನೋಡಿ, ಕಣ್ಣು ಮಿಟುಕಿಸಿದರು.

"ಅರ್ಥವಾಯ್ತು ಬಿಡಿ."

ಖಜಾನೆಯವರಿಗೆ ಬಾಯಿ ಮುಚ್ಚಿ ಕೂರಲಾಗಲಿಲ್ಲ. "ನಿಜವಾಗ್ಲೂ ಇಲ್ಲ ಸಾರ್. ಯಾವತ್ತೋ ಮಾರಿಬಿಟ್ಟೆ."

"ಆಗ್ಲಿ ಆಗ್ಲಿ. ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗಲ್ಲ." ಮ್ಯಾನೇಜರ್ ದನಿ ತಗ್ಗಿಸಿದರು. "ಬುದ್ಧಿವಂತರು ಮಾಡೋದೇ ಹೀಗೆ. ತಮ್ಮದನ್ನ ಮುಟ್ಟಲ್ಲ, ಬ್ಯಾಂಕಿಂದ ಸಾಲ ತಗೋತಾರೆ. ಬೆಲೆ ಏರ್ತಾ ಇರೋವಾಗ ಯಾರು ಮಾರ್ತಾರೆ ಹೇಳಿ?"

"ನಾನು ಮಾರಿದೆ" ಎಂದರು ಖಜಾನೆಯವರು.

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಲಿಗೆ ಮೇಡಂ ಮೇಜಿನ ಕೆಳಗೆ ಗಂಡನ ಕಾಲು ತುಳಿದರು.

ಸಾಲ ಸಿಕ್ಕಿತು. ಕ್ಲಾಸಿನ ಫೀಸನ್ನು ಮೇಡಂ ವರ್ಷಗಟ್ಟಲೆ ತಪ್ಪದೆ ಅದೇ ಬ್ಯಾಂಕಿಗೆ ಕಟ್ಟುತ್ತಿದ್ದುದರಿಂದ, ಸಿಗಬೇಕಾದದ್ದೇ ಆಗಿತ್ತು. ಆದರೆ ಮ್ಯಾನೇಜರ್ ತಾವೇ ಎದ್ದು ಬಾಗಿಲವರೆಗೆ ಬಂದು ಕಳಿಸಿಕೊಟ್ಟದ್ದು ಫೀಸಿಗಾಗಿ ಅಲ್ಲ.

ಕೋಣೆ ಮೇಡಂ ಅವರ ಹೆಸರಿಗಾಯಿತು. ಖಜಾನೆಯವರು ಈಗ ಯಾರು ಕೇಳಿದರೂ ನಿಜವನ್ನೇ ಹೇಳುತ್ತಿದ್ದರು. ಕಳ್ಳನ ಮುಂದೆ ಹೇಳಿದ ದಿನದ ಹಗುರ ಅವರಿಗೆ ಹಿಡಿಸಿತ್ತು. ಆದರೆ ಕೇಳಿದವರೊಬ್ಬರೂ ನಂಬಲಿಲ್ಲ. ಇದ್ದವರು ಇಲ್ಲ ಎನ್ನುವುದು ವಾಡಿಕೆ ಎಂದರು ಕೆಲವರು. ತೆರಿಗೆಯವರ ಭಯ ಇರಬೇಕು ಎಂದರು ಇನ್ನು ಕೆಲವರು. ಪ್ರಿನ್ಸಿಪಾಲ ಭಾವನನ್ನು ಮೂಲೆಗೆ ಕರೆದೊಯ್ದು, "ನೀವು ಆಸೆ ಬಿಟ್ಟು ಹೀಗೆ ಮಾತಾಡ್ತಿದ್ದೀರ. ನನಗೆ ಗೊತ್ತಾಗುತ್ತೆ. ಸಾಧನ ನನಗೆ ಕೊಡಿ" ಎಂದು ಬೇಡಿದ. ಕೊಟ್ಟರು. ಅವನು ಅದನ್ನು ತನ್ನ ಕೇಂದ್ರಕ್ಕೆ ಒಯ್ದು, ಹೊಸ ಪಾಠವೊಂದನ್ನು ಶುರುಮಾಡಿದ. ಸೇರಲು ಜನ ಬರುತ್ತಿದ್ದಾರೆ ಎಂದು ಸುದ್ದಿ.

ಎಲ್ಲರಿಗಿಂತ ಹೆಚ್ಚು ಬೇಜಾರಾದದ್ದು ದೊಡ್ಡಕ್ಕನಿಗೆ. ಕೋಣೆ ನೋಡಲು ಬಂದವರು ತಂಗಿಯನ್ನು ಕಿಟಕಿಯ ಬಳಿ ಕರೆದು, "ಈಗಾದ್ರೂ ಹೇಳು, ಒಟ್ಟು ಎಷ್ಟಿದೆ?" ಎಂದು ಕೇಳಿದರು.

"ಏನೂ ಇಲ್ಲ ಅಕ್ಕ. ಇದು ಸಾಲದ ಕೋಣೆ. ಕಡಲ ತೀರದ ಮನೆ ಅಂದಿದ್ದೂ ಸುಳ್ಳು."

ದೊಡ್ಡಕ್ಕನ ಮುಖ ಗಂಟಿಕ್ಕಿತು. "ಒಡಹುಟ್ಟಿದವಳ ಹತ್ರಾನೂ ಮುಚ್ಚಿಡ್ತೀಯಲ್ಲ. ನಾನೇನು ಕಿತ್ಕೊಂಡು ಹೋಗ್ತೀನಾ?" ಎಂದು ಚಹಾ ಮುಟ್ಟದೆ ಮೆಟ್ಟಿಲಿಳಿದು ಹೋದರು. ಸುಳ್ಳು ಹೇಳುತ್ತಿದ್ದಷ್ಟು ಕಾಲವೂ ಅಕ್ಕತಂಗಿಯರ ನಡುವೆ ಒಂದು ಮಾತಿನ ವ್ಯತ್ಯಾಸವೂ ಬಂದಿರಲಿಲ್ಲ.

ಬಹಳ ದಿನ ದೊಡ್ಡಕ್ಕನ ಫೋನಿಲ್ಲ, ಸುದ್ದಿಯಿಲ್ಲ. ಮೇಡಂ ಎರಡು ಸಲ ಹೋಗಿ ಬಾಗಿಲು ತಟ್ಟಿ ಬಂದರು. ಕೊನೆಗೆ ದೊಡ್ಡಕ್ಕನೇ ಒಂದು ಮಧ್ಯಾಹ್ನ, ಕ್ಲಾಸು ಬಿಟ್ಟ ಹೊತ್ತಿಗೆ, ಕೈಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಚೀಲದೊಳಗೆ ಒಂದು ಮದುವೆಗೆಂದು ಹೊಲಿಸಿದ ಉಡುಪು ಇತ್ತು. ಎಲ್ಲಿಯೋ ಹೊಲಿಸಿದ್ದು, ಸೊಂಟದಲ್ಲಿ ಹಿಡಿಯುತ್ತಿತ್ತು. ಹೊಲಿದವನು ಅಳತೆ ತಪ್ಪಿದ್ದಾನೆ ಎಂದರು ದೊಡ್ಡಕ್ಕ. ಅಳತೆ ತಪ್ಪಿದ್ದು ಎಲ್ಲಿ ಎಂದು ಮೇಡಂ ಕೇಳಲಿಲ್ಲ. ಅಕ್ಕನಿಗೆ ಅದನ್ನು ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಮಂಡಿಯೂರಿ ಕೂತು ಸೊಂಟದ ಹೊಲಿಗೆ ಬಿಚ್ಚತೊಡಗಿದರು.

"ನಾನು ಎಷ್ಟಿದೆ ಅಂತ ಇನ್ನು ಕೇಳಲ್ಲ" ಎಂದರು ದೊಡ್ಡಕ್ಕ, ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ. "ನಿನಗೆ ಹೇಳಬೇಕು ಅನ್ನಿಸಿದಾಗ ಹೇಳು."

ಮೇಡಂ ಬಾಯಿ ತುಂಬ ಸೂಜಿಯಿತ್ತು. ತಲೆಯಾಡಿಸಿ, ಅಕ್ಕನನ್ನು ಇನ್ನೊಂದು ಸುತ್ತು ತಿರುಗುವಂತೆ ಕೈಸನ್ನೆ ಮಾಡಿದರು.